ಕ್ಲಚ್ ಕೈಕೊಟ್ಟರೆ ಗಿಣಿಗೇರಾದ ಈ ಗ್ಯಾರೇಜ್
ಕೊಪ್ಪಳದ ಕಡೆ ಕಾರು ಕೈಕೊಟ್ಟರೆ ಗಿಣಿಗೇರಾದಲ್ಲಿ ಹೆದ್ದಾರಿ ಪಕ್ಕದ ಈ ಸಣ್ಣ ಗ್ಯಾರೇಜಿಗೆ ಧೈರ್ಯವಾಗಿ ಹೋಗಿ. ನನ್ನ ಕಾರಿನ ಕ್ಲಚ್ ಪೆಡಲ್ ಇದ್ದಕ್ಕಿದ್ದಂತೆ ನೆಲ ಕಚ್ಚಿತು, ಮೇಲೆ ಬರಲೇ ಇಲ್ಲ. ಎಂಜಿನ್ ಚಾಲೂ ಇದ್ದಾಗ ಗೇರ್ ಬೀಳುತ್ತಿರಲಿಲ್ಲ. ಬೇರೆ ಕಡೆ ಫೋನಿನಲ್ಲೇ ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂದುಬಿಟ್ಟರು.

ಇಲ್ಲಿನ ಮೆಕ್ಯಾನಿಕ್ ಮೊದಲು ಬಾನೆಟ್ ಎತ್ತಿ ಕ್ಲಚ್ ಆಯಿಲ್ ಡಬ್ಬಿ ನೋಡಿದರು. ಮಟ್ಟ ಇಳಿದಿತ್ತು. ಆಮೇಲೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಬ್ಬರ್ ಟೋಪಿಯನ್ನು ಬೆರಳಿಂದ ಸರಿಸಿದರು. ಕಪ್ಪು ಆಯಿಲ್ ತೊಟ್ಟಿಕ್ಕಿತು. “ನೋಡ್ರಿ ಅಣ್ಣಾರ, ಸೀಲ್ ಹೋಗೇತಿ. ಪ್ಲೇಟ್ ಸವೆದಿದ್ರ ಗೇರ್ ಬೀಳ್ತಿತ್ತು, ಎಂಜಿನ್ ಕೂಗಿದ್ರೂ ಗಾಡಿ ಎಳೀತಿರಲಿಲ್ಲ” ಅಂದರು. ಎಷ್ಟು ಸರಳ ವಿವರಣೆ, ಅಲ್ವಾ? ಎಲ್ಲ ಕಾರಲ್ಲೂ ಈ ಸಿಲಿಂಡರ್ ಹೊರಗಿರಲ್ಲ. ಕೆಲವದರಲ್ಲಿ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಆಗ ಇಳಿಸಲೇಬೇಕು.

ಹೊಸ ಸಿಲಿಂಡರ್ ಹಾಕಿ, ಕ್ಲಚ್ಚಿಗೂ ಬಳಸುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಹುಡುಗನಿಂದ ಪೆಡಲ್ ಒತ್ತಿಸುತ್ತಾ ಗಾಳಿ ತೆಗೆದರು. ಪೈಪಿನಲ್ಲಿ ಗುಳ್ಳೆ ನಿಲ್ಲುವ ತನಕ ಬಿಡಲಿಲ್ಲ. ಹಳೇ ಸಿಲಿಂಡರ್ ನನ್ನ ಕೈಗಿಟ್ಟರು. ಬಿಲ್ಲಿನಲ್ಲಿ ಸಾಮಾನು, ಕೂಲಿ ಬೇರೆ ಬೇರೆ ಬರೆದಿದ್ದರು. ಸುಮ್ನೆ ಒಂದು ರೂಪಾಯಿ ಜಾಸ್ತಿ ಇಲ್ಲ. ಕೂರಲು ನೆರಳು ಮಾತ್ರ ಇಲ್ಲ, ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ.