ಅರ್ಧ ಇಂಚಿನ ಏರ್ ಇಂಪ್ಯಾಕ್ಟ್ ಗನ್: ಪವರ್ ಇಲ್ಲ ಅನ್ನುವ ಮೊದಲು ಗಾಳಿ ನೋಡಿ

ಈ ವಿಮರ್ಶೆ ಸಾಕೆಟ್ ಕೂರುವ ಚೌಕ ಅರ್ಧ ಇಂಚಿರುವ, ಅಂದರೆ ಅರ್ಧ ಇಂಚು ಡ್ರೈವ್‌ನ, ಟ್ವಿನ್ ಹ್ಯಾಮರ್ (ಒಳಗೆ ಏಟು ಕೊಟ್ಟು ತಿರುಗಿಸುವ ಜೋಡಿ ಸುತ್ತಿಗೆ) ಇರುವ, ಗಾಳಿಯಲ್ಲಿ ಓಡುವ ಇಂಪ್ಯಾಕ್ಟ್ ರೆಂಚ್ ಬಗ್ಗೆ. ಗ್ಯಾರೇಜು, ಟಯರ್ ಅಂಗಡಿಗಳಲ್ಲಿ ಇದಕ್ಕೆ ಬರೀ 'ಗನ್' ಅನ್ನುತ್ತಾರೆ. ಕಾರು, ಜೀಪುಗಳ ಚಕ್ರ ಬಿಚ್ಚಲು, ಸಸ್ಪೆನ್ಷನ್ ಬೋಲ್ಟ್ ತೆಗೆಯಲು ವರ್ಷಗಟ್ಟಲೆ ದಿನವೂ ಬಳಸಿದ ಮೇಲಿನ ಅಭಿಪ್ರಾಯ ಇದು. ಯಂತ್ರ ಗಟ್ಟಿ, ಸರಿಯಾಗಿ ನೋಡಿಕೊಂಡರೆ ಬಹಳ ಕಾಲ ಬಾಳುತ್ತದೆ. 'ಗನ್‌ಗೆ ಪವರ್ ಇಲ್ಲ' ಎಂಬ ದೂರು ಬಂದಾಗ ಹತ್ತರಲ್ಲಿ ಎಂಟು ಸಲ ತಪ್ಪು ಸಿಗುವುದು ಪೈಪಿನಲ್ಲಿ, ಪೈಪನ್ನು ಗನ್ನಿಗೆ ಜೋಡಿಸುವ ಕಪ್ಲರ್‌ನಲ್ಲಿ ಅಥವಾ ಕಂಪ್ರೆಸರ್‌ನಲ್ಲಿ. ಆದ್ದರಿಂದ ಗನ್‌ಗಿಂತ ಮೊದಲು ಗಾಳಿಯ ಮಾತು.

ಡಬ್ಬಿಯ ಮೇಲೆ ಅಚ್ಚಾಗಿರುವ ಟಾರ್ಕ್ (ತಿರುಗಿಸುವ ಬಲ) ಸಿಗಬೇಕಾದರೆ ಗನ್ನಿನೊಳಗೆ ಗಾಳಿ ಹೋಗುವ ಬಾಯಿಯಲ್ಲಿ ಪ್ರೆಷರ್ 90 ಪಿಎಸ್ಐ, ಅಂದರೆ 6.2 ಬಾರ್ ಇರಬೇಕು. ಅದೂ ಟ್ರಿಗರ್ ಒತ್ತಿ ಓಡುತ್ತಿರುವಾಗ. ಗ್ಯಾರೇಜುಗಳಲ್ಲಿ ಬಹಳ ಕಾಣಸಿಗುವ ಚಿಕಾಗೋ ನ್ಯೂಮ್ಯಾಟಿಕ್ ಸಿಪಿ 734 ಎಚ್‌ಗೆ ಕಂಪನಿ ಕೊಟ್ಟಿರುವ ಗರಿಷ್ಠ ಟಾರ್ಕ್ 576 ನ್ಯೂಟನ್ ಮೀಟರ್, ಖಾಲಿ ಓಡುವ ವೇಗ 8,400 ಆರ್‌ಪಿಎಂ. ಈ ಗರಿಷ್ಠ ಸಂಖ್ಯೆ ಬಿಚ್ಚುವ ದಿಕ್ಕಿನದು, ಟೈಟ್ ಮಾಡುವ ಕಡೆಯ ಕೆಲಸದ ಟಾರ್ಕ್ ಇದಕ್ಕಿಂತ ಕಡಿಮೆ. ಅಗ್ಗದ ಗನ್‌ಗಳ ಡಬ್ಬಿಯಲ್ಲಿ ಸಾವಿರದ ಮೇಲಿನ ಸಂಖ್ಯೆ ಕಂಡರೆ, ಯಾವ ಪ್ರೆಷರ್‌ನಲ್ಲಿ, ಯಾವ ದಿಕ್ಕಿನಲ್ಲಿ ಎಂದು ಕೇಳಿ. ಉತ್ತರ ಬರದಿದ್ದರೆ ಆ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗನ್ ಜೊತೆಗಿನ ಕಾಗದದಲ್ಲಿ ಗಾಳಿಯ ಬಳಕೆ ನಾಲ್ಕೈದು ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಎಂದಿರುತ್ತದೆ. ಅದು ಬಿಟ್ಟು ಬಿಟ್ಟು ಬಳಸುವ ಲೆಕ್ಕದ ಸರಾಸರಿ. ಟ್ರಿಗರ್ ಒತ್ತಿ ಹಿಡಿದಾಗ ಇದೇ ಗನ್ 20 ಸಿಎಫ್ಎಂ ಆಸುಪಾಸು ಕುಡಿಯುತ್ತದೆ. 2 ಎಚ್‌ಪಿ ಕಂಪ್ರೆಸರ್ ಅಷ್ಟು ಕೊಡಲಾರದು. ಕೊರತೆ ತುಂಬುವುದು ಟ್ಯಾಂಕ್. 160 ಲೀಟರ್ ಟ್ಯಾಂಕ್ 150ರಿಂದ 100 ಪಿಎಸ್ಐಗೆ ಇಳಿಯುವಷ್ಟರಲ್ಲಿ ಸುಮಾರು 19 ಘನ ಅಡಿ ಗಾಳಿ ಹೊರಬರುತ್ತದೆ. ಅಂದರೆ ಹೆಚ್ಚೂಕಡಿಮೆ ಒಂದು ನಿಮಿಷದ ಟ್ರಿಗರ್. ನಟ್‌ಗೆ ಎರಡು ಮೂರು ಸೆಕೆಂಡ್ ಹಿಡಿದರೂ ಒಂದು ಕಾರಿನ ನಾಲ್ಕೂ ಚಕ್ರ ಬಿಚ್ಚಲು ಇದು ಸಾಕು. ಒಂದರ ಹಿಂದೊಂದು ಗಾಡಿ ಬರುವ ಟಯರ್ ಅಂಗಡಿಗೆ 5 ಎಚ್‌ಪಿ ಟೂ ಸ್ಟೇಜ್ (ಎರಡು ಹಂತದಲ್ಲಿ ಗಾಳಿ ಒತ್ತುವ) ಕಂಪ್ರೆಸರ್ ಬೇಕೇ ಬೇಕು. 50 ಲೀಟರಿನ ಪುಟ್ಟ ಕಂಪ್ರೆಸರ್‌ಗೆ ಈ ಗನ್ ಸಿಕ್ಕಿಸಿದರೆ ಮೊದಲ ಚಕ್ರ ಮುಗಿಯುತ್ತಲೇ ಏದುಸಿರು ಬಿಡಲು ಶುರು ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಹೋಸ್ ಪೈಪಿನದು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸುರುಳಿ ಪಿಯು (ಪಾಲಿಯುರೆಥೇನ್) ಪೈಪಿಗೆ '8 ಎಂಎಂ' ಎನ್ನುತ್ತಾರೆ. ಆ 8 ಹೊರಗಿನ ಅಳತೆ, ಒಳಗಿನ ತೂತು 5 ಎಂಎಂ ಅಷ್ಟೇ. ಗನ್‌ಗೆ ಬೇಕಿರುವುದು ಕನಿಷ್ಠ 10 ಎಂಎಂ ಒಳವ್ಯಾಸ. ಒಳವ್ಯಾಸ ಅರ್ಧವಾದರೆ ಗಾಳಿ ಹಾಯುವ ಜಾಗ ಕಾಲು ಭಾಗಕ್ಕಿಳಿಯುತ್ತದೆ. 12×8 ಎಂದು ಮಾರುವ ಪಿಯು ಪೈಪಿನ ಒಳವ್ಯಾಸವೂ 8 ಎಂಎಂ, ಕೈಯಳತೆಯ ದೂರಕ್ಕೆ ನಡೆಯುತ್ತದೆ. ಹತ್ತು ಮೀಟರ್ ದಾಟಿದರೆ ಒಳವ್ಯಾಸ ಅರ್ಧ ಇಂಚಿರುವ ರಬ್ಬರ್ ಹೋಸ್ ಹಾಕಿ. ಪೈಪಿನ ಮೇಲೆ ವರ್ಕಿಂಗ್ ಪ್ರೆಷರ್ ಅಚ್ಚಾಗಿರುವುದನ್ನೇ ಕೊಳ್ಳಿ. ಜಾಯಿಂಟ್‌ಗೆ ಬೈಂಡಿಂಗ್ ವೈರ್ ಸುತ್ತಬೇಡಿ, ಸರಿಯಾದ ಕ್ಲಾಂಪ್ ಹಾಕಿ. ಪ್ರೆಷರ್ ಇರುವಾಗ ಕಿತ್ತುಕೊಂಡ ಪೈಪು ಚಾವಟಿಯಂತೆ ಬೀಸುತ್ತದೆ, ತುದಿಯಲ್ಲಿರುವ ಕಬ್ಬಿಣದ ನಿಪ್ಪಲ್ ಮುಖಕ್ಕೇ ಬಡಿಯುತ್ತದೆ.

ಪ್ರೆಷರ್ ನಿಜಕ್ಕೂ ಎಷ್ಟಿದೆ ಎಂದು ತಿಳಿಯಲು ಒಂದು ಟಿ ಜಾಯಿಂಟ್, ಒಂದು ಸಣ್ಣ ಗೇಜ್ ಸಾಕು. ಗನ್‌ಗೆ ಆದಷ್ಟು ಹತ್ತಿರದಲ್ಲಿ ಟಿ ಕೂರಿಸಿ, ಸಾಕೆಟ್ ಇಲ್ಲದೆ ಖಾಲಿ ಓಡಿಸಿ, ಗೇಜಿನ ಮುಳ್ಳು ನೋಡಿ. ಗೋಡೆಯ ಮೇಲಿನ ರೆಗ್ಯುಲೇಟರ್ 90 ತೋರಿಸುತ್ತಿದ್ದರೂ ಇಲ್ಲಿ ಮುಳ್ಳು 60ಕ್ಕೆ ಕುಸಿಯುವುದು ಸಾಮಾನ್ಯ. ಟ್ರಿಗರ್ ಬಿಟ್ಟ ಕೂಡಲೇ ಮತ್ತೆ 90ಕ್ಕೆ ಹಾರುತ್ತದೆ, ಅದಕ್ಕೇ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾದಾಗ ಅನೇಕರು ಮಾಡುವ ಕೆಲಸ ರೆಗ್ಯುಲೇಟರನ್ನು 130ಕ್ಕೆ ತಿರುಗಿಸುವುದು. ಅದು ಅಪಾಯ. ಮುಂದೆ ಯಾರೋ ದಪ್ಪ ಪೈಪ್ ಹಾಕಿದ ದಿನ ಆ 130ರ ಬಹುಪಾಲು ನೇರ ಗನ್‌ಗೆ ಬರುತ್ತದೆ. ಹ್ಯಾಮರ್ ಒಡೆಯುತ್ತದೆ, ಸಾಕೆಟ್ ಕೂರುವ ಚೌಕ ಮುರಿಯುತ್ತದೆ, ಚಕ್ರದ ನಟ್ ಕೂರುವ ಸ್ಟಡ್ ತುಂಡಾಗುತ್ತದೆ. ಪೈಪು, ಕಪ್ಲರ್ ಸರಿಮಾಡಿ, ಗನ್ ಓಡುವಾಗ 90 ನಿಲ್ಲುವಂತೆ ಮಾಡಿ.

ಕಪ್ಲರ್ ವಿಷಯ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಎಂ 20 (ನಿಪ್ಪಲ್), ಎಸ್ಎಂ 20 (ಅದು ಸಿಕ್ಕಿಕೊಳ್ಳುವ ಕಪ್ಲರ್) ಎಂದು ಕರೆಯುವ ಮಾದರಿ. ಗನ್ನಿಗೆ ಕಾಲು ಇಂಚಿನ ಪಿಎಂ 20 ನಿಪ್ಪಲ್ ಹಾಕಿ ನೇರ ಕಪ್ಲರ್ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ, ಆದರೆ ಹ್ಯಾಮರ್ ಏಟಿನ ನಡುಕಕ್ಕೆ ಕಪ್ಲರ್‌ನ ಬಾಲ್‌ಗಳೂ ಓ ರಿಂಗೂ ಬೇಗ ಸವೆದು ಸೋರಲು ಶುರುವಾಗುತ್ತದೆ. ಗನ್‌ಗೆ ಅರ್ಧ ಮೀಟರಿನ 10 ಎಂಎಂ ತುಂಡು ಹೋಸ್ ಹಾಕಿ, ಕಪ್ಲರನ್ನು ಅದರ ಇನ್ನೊಂದು ತುದಿಯಲ್ಲಿಡಿ. ಕೈಗೂ ಭಾರ ಕಡಿಮೆ. ಇನ್ನು ಥ್ರೆಡ್: ವಿದೇಶಿ ಗನ್‌ಗಳ ಬಾಯಿ ಸಾಮಾನ್ಯವಾಗಿ ಕಾಲು ಇಂಚಿನ ಎನ್‌ಪಿಟಿ, ಅಂದರೆ ಅಮೆರಿಕದ ಅಳತೆ, ಇಂಚಿಗೆ 18 ಥ್ರೆಡ್. ನಮ್ಮ ಹಾರ್ಡ್‌ವೇರ್ ಅಂಗಡಿಯ ಬ್ರಿಟಿಷ್ ಅಳತೆಯ ಬಿಎಸ್‌ಪಿ ನಿಪ್ಪಲ್‌ಗೆ ಇಂಚಿಗೆ 19. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಬಲವಂತ ಮಾಡಿದರೆ ಅಲ್ಯೂಮಿನಿಯಂ ಬಾಡಿಯ ಥ್ರೆಡ್ ಹೋದಂತೆಯೇ. ಟೆಫ್ಲಾನ್ ಟೇಪ್ ಸುತ್ತುವಾಗ ಮೊದಲ ಎರಡು ಥ್ರೆಡ್ ಖಾಲಿ ಬಿಡಿ. ಟೇಪಿನ ಚೂರು ಒಳಗೆ ಹೋದರೆ ಗನ್ ಬಾಯಿಯ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಂಡು ಗಾಳಿ ತಡೆಯುತ್ತದೆ. ಪವರ್ ದಿನೇದಿನೇ ಇಳಿಯುತ್ತಿದ್ದರೆ ಮೊದಲು ಬಿಚ್ಚಿ ನೋಡಬೇಕಾದ್ದು ಈ ಜಾಲರಿಯನ್ನೇ.

ಲೈನಿನಲ್ಲಿ ಫಿಲ್ಟರ್, ರೆಗ್ಯುಲೇಟರ್, ಗಾಳಿಗೆ ಎಣ್ಣೆ ಬೆರೆಸುವ ಲ್ಯೂಬ್ರಿಕೇಟರ್ ಇದೇ ಕ್ರಮದಲ್ಲಿರಬೇಕು, ಬಾಡಿಯ ಮೇಲಿನ ಬಾಣ ಗನ್ ಕಡೆಗಿರಬೇಕು. ಅದೇ ಹೋಸಿನಲ್ಲಿ ಟಯರ್‌ಗೆ ಗಾಳಿ ಹಿಡಿಯುವ ಅಥವಾ ಪೇಂಟ್ ಹೊಡೆಯುವ ಕಡೆ ಲ್ಯೂಬ್ರಿಕೇಟರ್ ಬೇಡ, ಎಣ್ಣೆ ಎಲ್ಲ ಕಡೆ ಹೋಗುತ್ತದೆ. ಅಲ್ಲಿ ಕೈಯಿಂದಲೇ ಎಣ್ಣೆ ಬಿಡುವುದು ಮೇಲು. ಮೇನ್ ಪೈಪಿನಿಂದ ಕವಲು ತೆಗೆಯುವಾಗ ಕೆಳಗಿನಿಂದ ತೆಗೆಯದೆ ಮೇಲಿನಿಂದ ಎತ್ತಿ ಬಗ್ಗಿಸಿ ತನ್ನಿ, ನೀರು ಮೇನ್ ಪೈಪಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ತಳದ ಡ್ರೈನ್ ದಿನವೂ ಸಂಜೆ ತೆರೆಯಿರಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಸಂಜೆಯೊಂದೇ ಸಾಲದು, ಮಧ್ಯಾಹ್ನವೂ ಬಿಡಬೇಕು. ಆ ನೀರು ಗನ್ನಿನೊಳಗೆ ಹೋದರೆ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ಗಾಳಿ ತಳ್ಳಿ ಮೋಟಾರ್ ತಿರುಗಿಸುವ ತೆಳು ಪಟ್ಟಿಗಳಾದ ವೇನ್‌ಗಳು ಅಂಟಿಕೊಳ್ಳುತ್ತವೆ.

ನೀರಿನ ಪಿವಿಸಿ ಪೈಪಿನಲ್ಲಿ ಕಂಪ್ರೆಸರ್ ಗಾಳಿ ಹರಿಸಿರುವ ಗ್ಯಾರೇಜುಗಳು ಇನ್ನೂ ಇವೆ. ದಯವಿಟ್ಟು ಇದನ್ನು ಇವತ್ತೇ ತೆಗೆಸಿ. ಪಿವಿಸಿ ಸೀಳಿ ಸುಮ್ಮನಾಗುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ, ಚೂರುಗಳು ಗಾಜಿನಷ್ಟು ಹರಿತ. ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಗಾಳಿಗೆಂದೇ ಮಾಡಿದ ಪೈಪ್ ಹಾಕಿಸಿ. ಟ್ಯಾಂಕ್ ಮೇಲಿನ ಸೇಫ್ಟಿ ವಾಲ್ವ್‌ನ ರಿಂಗ್ ಆಗಾಗ ಎಳೆದು ಅದು ಅಂಟಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಸಾಕೆಟ್ ಬಗ್ಗೆ ರಾಜಿ ಬೇಡ. ಹೊಳೆಯುವ ಕ್ರೋಮ್ ಸಾಕೆಟ್ ಕೈ ಪಾನಾಕ್ಕೆ ಮಾಡಿದ್ದು. ಗಟ್ಟಿ, ಆದರೆ ಏಟಿಗೆ ಬಿರಿಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ. ಗನ್‌ಗೆ ಕಪ್ಪು ಬಣ್ಣದ, ದಪ್ಪ ಗೋಡೆಯ, ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಮಾತ್ರ. ಕಾರುಗಳಿಗೆ 17, 19, 21 ಎಂಎಂ ಇದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ: ಮಾರುತಿಗೆ 19, ಹ್ಯುಂಡೈ ಮತ್ತು ಟೊಯೊಟಾಗೆ 21, ಫೋಕ್ಸ್‌ವ್ಯಾಗನ್, ಸ್ಕೋಡಾಗೆ 17. ಅಲಾಯ್ ವೀಲ್‌ಗೆ ಹೊರಗೆ ಪ್ಲಾಸ್ಟಿಕ್ ಕವಚವಿರುವ ತೆಳು ಸಾಕೆಟ್ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಸಾಕೆಟ್ ಒರೆಸಿ, ಚೌಕ ತೂತಿನ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು ಶುರುವಾಗುವುದು ಅಲ್ಲೇ, ಕೂದಲೆಳೆಯಷ್ಟು ತೆಳ್ಳಗೆ, ತುಕ್ಕಿನ ಕೆಂಪು ಗೆರೆಯಾಗಿ. ಕಂಡರೆ ಗುಜರಿಗೆ ಹಾಕಿ.

ಬಳಸುವಾಗ ಮೊದಲು ಕನ್ನಡಕ, ಕಿವಿಗೆ ಮಫ್ ಅಥವಾ ಪ್ಲಗ್. ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ, 100 ಡೆಸಿಬೆಲ್‌ಗೆ ಎರಡೇ ಗಂಟೆ. ಲೋಡ್ ಬಿದ್ದ ಗನ್ ಆ 90ನ್ನು ಸುಲಭವಾಗಿ ದಾಟುತ್ತದೆ. ಕೈಗವಸು ಬೆರಳಿಗೆ ಬಿಗಿಯಾಗಿರಲಿ, ಸಡಿಲ ಬಟ್ಟೆಯ ಗವಸನ್ನು ತಿರುಗುವ ಸಾಕೆಟ್ ಸುತ್ತಿಕೊಳ್ಳುತ್ತದೆ. ಗಾಳಿ ಸಿಕ್ಕಿಸುವಾಗ ಬೆರಳು ಟ್ರಿಗರ್ ಮೇಲಿರಬಾರದು. ಸಾಕೆಟ್ ಬದಲಿಸುವ ಮುಂಚೆ ವಾಲ್ವ್ ಮುಚ್ಚಿ, ಟ್ರಿಗರ್ ಒತ್ತಿ ಉಳಿದ ಗಾಳಿ ಬಿಡಿ, ಆಮೇಲೆ ಕಪ್ಲರ್ ತೆಗೆಯಿರಿ. ಜಾಕ್ ಒಂದನ್ನೇ ನಂಬಿ ಚಕ್ರ ತೆಗೆಯಬೇಡಿ, ಸ್ಟ್ಯಾಂಡ್ ಇರಲಿ. ಗನ್ನಿನ ಅಥವಾ ಹೋಸಿನ ಗಾಳಿಯಿಂದ ಮೈ, ಬಟ್ಟೆಯ ದೂಳು ಊದಿಕೊಳ್ಳುವುದನ್ನು ಹುಡುಗರಿಗೆ ಖಡಾಖಂಡಿತ ನಿಲ್ಲಿಸಿ. ಚರ್ಮದ ಗಾಯದ ಮೂಲಕ ಗಾಳಿ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ.

ನಟ್ ಐದು ಸೆಕೆಂಡಿನಲ್ಲಿ ಅಲುಗದಿದ್ದರೆ ನಿಲ್ಲಿಸಿ. ಇನ್ನೂ ಹೊಡೆಯುತ್ತಿದ್ದರೆ ಹ್ಯಾಮರ್ ಬಿಸಿಯಾಗಿ ಸವೆಯುತ್ತದೆ, ನಟ್‌ನ ಮೂಲೆ ದುಂಡಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಹದಿನೈದು ನಿಮಿಷ ಬಿಡಿ, ಒಂದು ಕ್ಷಣ ಟೈಟ್ ಕಡೆಗೆ ಹೊಡೆದು ಆಮೇಲೆ ರಿವರ್ಸ್ ಮಾಡಿ. ಉದ್ದ ಎಕ್ಸ್‌ಟೆನ್ಷನ್ ಹಾಕಿದ್ದರೆ ತೆಗೆಯಿರಿ, ಏಟಿನ ಬಹುಪಾಲು ಅದರ ತಿರುಚುವಿಕೆಯಲ್ಲೇ ಕಳೆದುಹೋಗುತ್ತದೆ.

ಈ ಗನ್ ಬಿಚ್ಚಲು ಎಷ್ಟು ಒಳ್ಳೆಯದೋ ಕೊನೆಯ ಟೈಟ್ ಕೊಡಲು ಅಷ್ಟೇ ಕೆಟ್ಟದ್ದು. ಇನ್ನೋವಾದ ಚಕ್ರದ ನಟ್‌ಗೆ ಬೇಕಿರುವುದು 103 ನ್ಯೂಟನ್ ಮೀಟರ್, ಪೋಲೋ ಬೋಲ್ಟ್‌ಗೆ 120. ನಾನೂರು ಐನೂರು ಕೊಡಬಲ್ಲ ಗನ್ ಎರಡು ಸೆಕೆಂಡ್ ಹೆಚ್ಚು ಹೊಡೆದರೆ ಸ್ಟಡ್ ಎಳೆದು ಉದ್ದವಾಗುತ್ತದೆ, ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತದೆ. ಪಂಚರ್ ಆದ ರಾತ್ರಿ ಗಾಡಿಯಲ್ಲಿರುವ ಗಿಡ್ಡ ವೀಲ್ ಪಾನಾದಿಂದ ಆ ನಟ್ ಬಿಚ್ಚಲು ಮನೆಮಂದಿ ಯಾರಿಗೂ ಆಗುವುದಿಲ್ಲ. ಗನ್ ಮೇಲಿನ 1, 2, 3 ಎಂಬ ಅಂಕಿಗಳು ಗಾಳಿಯ ಹರಿವನ್ನು ಹೆಚ್ಚುಕಡಿಮೆ ಮಾಡುತ್ತವೆ ಅಷ್ಟೇ, ಅವು ಟಾರ್ಕ್ ಸೆಟ್ಟಿಂಗ್ ಅಲ್ಲ. ಮಾಡಬೇಕಾದ ಕ್ರಮ ಹೀಗೆ: ಪ್ರತಿ ನಟ್ಟನ್ನೂ ಕೈಯಿಂದ ಕನಿಷ್ಠ ಮೂರು ಸುತ್ತು ಹಚ್ಚಿ, 1ರಲ್ಲಿಟ್ಟ ಗನ್‌ನಿಂದ ನಟ್ ಕೂರುವವರೆಗೆ ಮಾತ್ರ ಓಡಿಸಿ, ಹ್ಯಾಮರ್ 'ಟಕ್' ಅಂದ ಕೂಡಲೇ ಬಿಡಿ. ಗಾಡಿ ಇಳಿಸಿ, ಎದುರುಬದುರು ಕ್ರಮದಲ್ಲಿ, ಟಾರ್ಕ್ ಅಳೆದು ಬಿಗಿಯುವ ಟಾರ್ಕ್ ರೆಂಚ್‌ನಿಂದ ಮುಗಿಸಿ. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಬೇಡ. ಅದೇ ಟಾರ್ಕ್‌ಗೆ ಸ್ಟಡ್ ಹೆಚ್ಚು ಎಳೆದುಕೊಳ್ಳುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಗನ್ನಿನ ಟಾರ್ಕಿಗೆ ಮಿತಿ ಹಾಕುವ ಟಾರ್ಕ್ ಸ್ಟಿಕ್ ಕೊಂಡವರು ಟಾರ್ಕ್ ರೆಂಚ್ ಬಿಡಬಾರದು, ಆ ಕಡ್ಡಿಯ ಲೆಕ್ಕ ಗನ್, ಪ್ರೆಷರ್ ಎರಡರ ಜೊತೆಗೂ ಬದಲಾಗುತ್ತದೆ.

ಎಣ್ಣೆ ಹಾಕುವುದು ದಿನದ ಕೆಲಸ. ಬೆಳಿಗ್ಗೆ ಬಾಯಿಯಲ್ಲಿ ನಾಲ್ಕೈದು ಹನಿ ಏರ್ ಟೂಲ್ ಆಯಿಲ್, ಇಲ್ಲದಿದ್ದರೆ ಐಎಸ್ಒ ವಿಜಿ 32 ದರ್ಜೆಯ ತೆಳು ಎಣ್ಣೆ. 20ಡಬ್ಲ್ಯು 40 ಎಂಜಿನ್ ಆಯಿಲ್ ದಪ್ಪ, ವೇನ್‌ಗಳನ್ನು ಗೂಡಿನಲ್ಲೇ ಅಂಟಿಸುತ್ತದೆ. ಸೀಮೆಎಣ್ಣೆ ಬಿಟ್ಟರೆ ಒಳಗಿರುವ ಎಣ್ಣೆಯ ಪದರವೂ ತೊಳೆದುಹೋಗುತ್ತದೆ. ಎಣ್ಣೆ ಬಿಟ್ಟ ಮೇಲೆ ಹಿಡಿಯ ತಳಕ್ಕೆ ಬಟ್ಟೆ ಹಿಡಿದು ಅರ್ಧ ನಿಮಿಷ ಖಾಲಿ ಓಡಿಸಿ. ಹೊಗೆಯಂತೆ ಹೊರಬರುವ ಎಣ್ಣೆ ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಪ್ಯಾಡ್ ಹಾಳು. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಹ್ಯಾಮರ್ ಭಾಗಕ್ಕೆ ಈ ಎಣ್ಣೆ ತಲುಪುವುದಿಲ್ಲ, ಅದಕ್ಕೆ ಮ್ಯಾನ್ಯುಯಲ್ ಹೇಳಿದ ಗ್ರೀಸ್ ಬೇರೆ ಹಾಕಬೇಕು.

ದೀರ್ಘ ಬಳಕೆಯಲ್ಲಿ ಮೊದಲು ಸವೆಯುವುದು ವೇನ್‌ಗಳು, ಟ್ರಿಗರ್ ವಾಲ್ವ್‌ನ ಓ ರಿಂಗ್, ಸಾಕೆಟ್ ಹಿಡಿಯುವ ಉಂಗುರ. ಮೋಟಾರ್ ತಿರುಗುತ್ತದೆ ಆದರೆ ಏಟು ಬೀಳುವುದಿಲ್ಲ ಅಂದರೆ ಹ್ಯಾಮರ್ ಸವೆದಿದೆ ಅಥವಾ ಹಳೆ ಗ್ರೀಸ್ ಗಟ್ಟಿಯಾಗಿ ಕಚ್ಚಿದೆ. ಪ್ರೆಷರ್ ಸರಿಯಿದ್ದೂ ನಿಧಾನ ತಿರುಗಿದರೆ ವೇನ್. ಬಿಚ್ಚುವ ಕಡೆ ಸರಿ, ಟೈಟ್ ಕಡೆ ಮಾತ್ರ ಸಪ್ಪೆ ಎಂದಾದರೆ ಮೊದಲು ಅಂಕಿಯ ಗುಬುಟು ಎಲ್ಲಿದೆ ನೋಡಿ, ಆಮೇಲೆ ರಿವರ್ಸ್ ವಾಲ್ವ್. ಕೊಳ್ಳುವಾಗ, ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ಎಸ್.ಜೆ.ಪಿ. ರಸ್ತೆಯಿರಲಿ, ಗನ್ ಬೆಲೆ ಕೇಳುವ ಮುಂಚೆ ಅದೇ ಮಾಡೆಲ್‌ನ ವೇನ್ ಸೆಟ್, ಓ ರಿಂಗ್ ಕಿಟ್ ಇಟ್ಟಿದ್ದಾರಾ ಕೇಳಿ. ಸ್ಪೇರ್ ಸಿಗದ ಗನ್ ಎಷ್ಟು ಅಗ್ಗವಾದರೂ ದುಬಾರಿಯೇ.

ದಿನಕ್ಕೆ ಒಂದೆರಡು ಚಕ್ರ ಬಿಚ್ಚುವವರಿಗೆ, ರಸ್ತೆ ಬದಿಗೆ ಹೋಗಿ ಪಂಚರ್ ಹಾಕುವವರಿಗೆ ಬ್ಯಾಟರಿ ಗನ್ ಮೇಲು. ಕಂಪ್ರೆಸರ್ ದಿನವಿಡೀ ಓಡುವ ಅಂಗಡಿಗೆ ಗಾಳಿಯ ಗನ್ನೇ ಸರಿ: ಮೋಟಾರ್ ಬಿಸಿಯಾಗುವ ಚಿಂತೆಯಿಲ್ಲ, ಚಾರ್ಜ್ ಮುಗಿಯುವುದಿಲ್ಲ. ಲಾರಿ, ಬಸ್ಸಿನ ಚಕ್ರಕ್ಕೆ ಇದನ್ನು ತರಬೇಡಿ. ಅಲ್ಲಿನ ಎಂ22 (22 ಎಂಎಂ ಥ್ರೆಡ್‌ನ) ನಟ್‌ಗಳಿಗೆ ಟೈಟ್ ಮಾಡಲೇ 600 ನ್ಯೂಟನ್ ಮೀಟರ್ ಆಸುಪಾಸು ಬೇಕು. ಆ ಕೆಲಸ ಒಂದು ಇಂಚಿನ ಗನ್‌ನದು, ಅದಕ್ಕೆ ತಕ್ಕ ದಪ್ಪ ಹೋಸು, ದೊಡ್ಡ ಕಂಪ್ರೆಸರ್ ಜೊತೆಗೇ ಲೆಕ್ಕ ಹಾಕಿ.