‘ನರ್ಸ್’ ಎಂದು ಮನೆಗೆ ಬಂದವರು ನರ್ಸ್ ಹೌದೇ? ಮೊದಲ ದಿನವೇ ನೋಡಿಕೊಳ್ಳಿ

ಬಾಯಿ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದ್ದ ಅಜ್ಜಿಯೊಬ್ಬರನ್ನು ಮನೆಯಲ್ಲೇ ನೋಡಿಕೊಳ್ಳಲು ಬೆಂಗಳೂರಿನ ಒಂದು ಕುಟುಂಬ ಏಜೆನ್ಸಿಯಿಂದ ‘ನರ್ಸ್’ ಕರೆಸಿಕೊಂಡಿತು. ಇಡೀ ತಿಂಗಳ ಹಣ ಮುಂಗಡ. ಬಂದಾಕೆ ಮೈ ಒರೆಸಲು, ಡೈಪರ್ ಬದಲಿಸಲು ಕಲಿತಿದ್ದ ಅಟೆಂಡರ್. ಆಕೆಯನ್ನು ಬೈದು ಫಲವಿಲ್ಲ, ಬಾರದ ಕೆಲಸಕ್ಕೆ ಕಳಿಸಿದ್ದು ಏಜೆನ್ಸಿ. ಆದರೆ ಎಂಟೇ ದಿನದಲ್ಲಿ ನರಳಿದ್ದು ಅಜ್ಜಿ.

ಮೊದಲು ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ಆಹಾರದ ನಳಿಕೆ. ಅಜ್ಜಿ ಅಂಗಾತ ಮಲಗಿದ್ದಂತೆಯೇ ದೊಡ್ಡ ಲೋಟದ ರಾಗಿ ಗಂಜಿಯನ್ನು ಸಿರಿಂಜ್‌ನಿಂದ ಒತ್ತಿ ಒತ್ತಿ ಹಾಕಿದಳು. ಗಂಜಿ ಮೇಲೆ ಉಕ್ಕಿ ಶ್ವಾಸನಾಳಕ್ಕೆ ಇಳಿಯಿತು. ಕೆಮ್ಮು, ಮರುದಿನ ಜ್ವರ, ಉಬ್ಬಸ. ಗಂಜಿ ಹಾಕುವಾಗ ತಲೆ-ಬೆನ್ನನ್ನು 30ರಿಂದ 45 ಡಿಗ್ರಿ ಎತ್ತರಿಸಬೇಕು. ಮೂಗಿನ ಬಳಿ ಟ್ಯೂಬಿನ ಮೇಲಿರುವ ಗುರುತು ಸರಿದಿಲ್ಲವಲ್ಲ ಎಂದು ನೋಡಬೇಕು. ವೈದ್ಯರು ಬೇರೆ ಹೇಳದಿದ್ದರೆ ಒಂದು ಸಲಕ್ಕೆ 200 ಮಿಲಿ ಸಾಕು, ಅದೂ ಸಿರಿಂಜಿನ ಒತ್ತುಕಡ್ಡಿ ತೆಗೆದು, ತಾನಾಗಿ ಇಳಿಯುವಂತೆ. ಗಂಜಿ ಸೋಸಿರಬೇಕು. ಕೊನೆಗೆ 30 ಮಿಲಿ ನೀರು ಹಾಕದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆಯಾದರೂ ಹಾಗೇ ಒರಗಿಸಿಡಿ. ಟ್ಯೂಬ್ ಜಾರಿದ್ದರೆ ಏನನ್ನೂ ಹಾಕಬೇಡಿ, ನೀವೇ ಒಳಗೆ ತಳ್ಳಲೂಬೇಡಿ.

ಆಮೇಲೆ ಬೆನ್ನು. ಬಾಲದ ಮೂಳೆಯ ಮೇಲೆ ಕೆಂಪಾಗಿದ್ದ ಚರ್ಮಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಉದುರಿಸಿದಳು. ಎಷ್ಟೋ ಮನೆಗಳಲ್ಲಿ ಇದನ್ನೇ ಆರೈಕೆ ಎಂದುಕೊಂಡಿದ್ದಾರೆ, ದಯವಿಟ್ಟು ನಿಲ್ಲಿಸಿ. ಬೆರಳಿಟ್ಟು ಒತ್ತಿದಾಗ ಕೆಂಪು ಮಾಸದೆ ಉಳಿದರೆ ಒಳಗೆ ಆಗಲೇ ಪೆಟ್ಟಾಗಿದೆ. ತಿಕ್ಕಿದರೆ ಬಾಯಿಬಿಟ್ಟು ಹುಣ್ಣಾಗುತ್ತದೆ. ಮೈಬಣ್ಣ ಕಪ್ಪಗಿದ್ದರೆ ಕೆಂಪು ಕಾಣದು, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಎನಿಸುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೊಣಕಾಲುಗಳ ನಡುವೆ ದಿಂಬಿಡಿ, ಹಿಮ್ಮಡಿ ಹಾಸಿಗೆಗೆ ತಾಗದಿರಲಿ. ಎಳೆಯಬೇಡಿ, ಅಡ್ಡ ಹಾಸಿದ ಬೆಡ್‌ಶೀಟ್ ಹಿಡಿದು ಇಬ್ಬರು ಎತ್ತಿ ಸರಿಸಿ. ಏರ್‌ಬೆಡ್ ಇದ್ದರೂ ಇದು ತಪ್ಪದು. ತೀರಾ ಕೊನೆಯ ದಿನಗಳಲ್ಲಿ ಹೊರಳಿಸಿದರೆ ನೋವಾಗುತ್ತಿದ್ದರೆ ಮಾತ್ರ ಗಡಿಯಾರಕ್ಕಿಂತ ಅವರ ನೆಮ್ಮದಿ ಮುಖ್ಯ.

ಎಲ್ಲಕ್ಕಿಂತ ಸಂಕಟದ್ದು ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯ. ನಾಲ್ಕು ಗಂಟೆಗೊಮ್ಮೆ ಬರೆದಿದ್ದ ಮಾತ್ರೆಯನ್ನು ‘ಈಗ ನೋವಿಲ್ಲವಲ್ಲ’ ಎಂದು ಬಿಟ್ಟಳು. ನೋವು ಮರಳಿ ಏರಿದ ಮೇಲೆ ಇಳಿಸುವುದು ಕಷ್ಟ, ಹೊತ್ತಿಗೆ ಸರಿಯಾಗಿ ಕೊಡುವುದು ಅದಕ್ಕೇ. ಜೊತೆಗೆ ಬರೆದಿದ್ದ ಮಲ ಸಡಿಲಿಸುವ ಮಾತ್ರೆಯನ್ನು ಕೊಡಲೇ ಇಲ್ಲ. ಐದನೇ ದಿನಕ್ಕೆ ಹೊಟ್ಟೆ ಕಲ್ಲಾಯಿತು, ವಾಂತಿ ಶುರುವಾಯಿತು. ಮಾರ್ಫಿನ್ ತರುವ ಮಲಬದ್ಧತೆ ದಿನ ಕಳೆದಂತೆ ಕಡಿಮೆಯಾಗುವುದಿಲ್ಲ. ಎರಡು ಮಾತ್ರೆಯೂ ಒಟ್ಟಿಗೆ ನಡೆಯಬೇಕು. ಹೊತ್ತು, ಡೋಸ್, ಕೊಟ್ಟವರ ಸಹಿ ಒಂದು ಹಾಳೆಯಲ್ಲಿರಲಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಕಂಡರೆ ಮುಂದಿನ ಡೋಸ್‌ಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ.

ಹಣ ಕೊಡುವ ಮೊದಲು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಪ್ರಮಾಣಪತ್ರ, ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಮೊದಲ ಗಂಜಿಯನ್ನು ನಿಮ್ಮೆದುರೇ ಹಾಕಿಸಿ. ವಾರಕ್ಕೊಮ್ಮೆ ಪಾವತಿಗೆ ಒಪ್ಪದ ಏಜೆನ್ಸಿ ಬೇಡ. ಬೆಂಗಳೂರಿನಲ್ಲಿದ್ದು ಕ್ಯಾನ್ಸರ್ ರೋಗಿಯಾಗಿದ್ದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಆರೈಕೆ ಮಾಡುವ, ಮಾರತ್ತಹಳ್ಳಿ ಬಳಿಯ ಕರುಣಾಶ್ರಯವನ್ನು ಮೊದಲು ವಿಚಾರಿಸಿ. ಅವರ ತಂಡ ಮನೆಗೂ ಬರುತ್ತದೆ, ಶುಲ್ಕವಿಲ್ಲ.

ಇನ್ನೊಂದು: ಮನೆಯಲ್ಲೇ ಪ್ರಾಣ ಹೋದರೆ ಸಾವಿನ ಕಾರಣದ ನಮೂನೆ 4ಎಯನ್ನು ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಬರೆಯಬೇಕು, ನರ್ಸ್ ಅಲ್ಲ. ಅವರು ಯಾರು, ರಾತ್ರಿ ಯಾವ ನಂಬರಿಗೆ ಸಿಗುತ್ತಾರೆ ಎಂಬುದನ್ನು ಈಗಲೇ ಕೇಳಿ ಔಷಧಿಯ ಹಾಳೆಯ ಮೇಲೆ ಬರೆದಿಡಿ.