ಚೂಪು ಕಿವಿಯ ಏಲಿಯನ್ನಾ, ಅರ್ಥವೇ ಆಗದ ಏಲಿಯನ್ನಾ?

ಏಲಿಯನ್ ಇರುವ ಸರಣಿ ಹುಡುಕುತ್ತಿದ್ದೀರಾ? ನಿಮಗೆ ಬೇಕಿರುವುದು ಪಾತ್ರವೋ ಅಚ್ಚರಿಯೋ, ಅದನ್ನು ಮೊದಲು ತೀರ್ಮಾನಿಸಿ.

ಪಾತ್ರ ಬೇಕಾದರೆ ಸ್ಟಾರ್ ಟ್ರೆಕ್. 1966ರಲ್ಲಿ ಶುರುವಾದಾಗ ಅದರ ಏಲಿಯನ್ ಪಾತ್ರ ಸ್ಪಾಕ್‌ಗೆ ಕೊಟ್ಟಿದ್ದು ಚೂಪು ಕಿವಿ, ಓರೆ ಹುಬ್ಬು, ಉಳಿದದ್ದೆಲ್ಲ ನಟನ ಮುಖ. ನಗಬೇಡಿ, ಆ ಮುಖವೇ ಬಂಡವಾಳ. ಹುಬ್ಬು ಸ್ವಲ್ಪ ಏರಿದರೂ ನಮಗೆ ಅರ್ಥವಾಗುತ್ತದೆ. ತೊಂದರೆ ಬೇರೆ ಕಡೆ ಇದೆ: ಇಡೀ ಗ್ರಹಕ್ಕೆ ಒಂದೇ ಸ್ವಭಾವ. ಕ್ಲಿಂಗಾನ್ ಅಂದ್ರೆ ಯುದ್ಧ, ಫೆರೆಂಗಿ ಅಂದ್ರೆ ದುಡ್ಡು. ಅಲ್ಲಿ ಸೋಮಾರಿಗಳು, ಕವಿಗಳು, ಸುಮ್ನೆ ಕೂತಿರುವವರು ಇರಬಾರದಾ? ಸ್ಟಾರ್ ಟ್ರೆಕ್ ಬಳಗದ್ದೇ ಆದ 1993ರ ಡೀಪ್ ಸ್ಪೇಸ್ ನೈನ್ ಸರಣಿ ಇದನ್ನು ಸಾಕಷ್ಟು ಸರಿಮಾಡಿತು. ಅದರಲ್ಲಿ ನಾಗ್ ಎಂಬ ಫೆರೆಂಗಿ ಹುಡುಗ ವ್ಯಾಪಾರ ಬಿಟ್ಟು ಬಾಹ್ಯಾಕಾಶ ಪಡೆಯಾದ ಸ್ಟಾರ್‌ಫ್ಲೀಟ್ ಸೇರುತ್ತಾನೆ.

ಅಚ್ಚರಿ ಬೇಕಾದರೆ 1999ರ ಫಾರ್‌ಸ್ಕೇಪ್. ಅದರ ರೈಗೆಲ್, ಪೈಲಟ್ ಎಂಬ ಏಲಿಯನ್‌ಗಳಿಬ್ಬರೂ ಜಿಮ್ ಹೆನ್ಸನ್ ಕಂಪನಿಯ ಗೊಂಬೆಗಳು, ಅವರಿರುವ ಹಡಗೂ ಒಂದು ಜೀವಿ. ಕೆಲವು ಕಂತು ಕಳೆದರೆ ಗೊಂಬೆ ಅನ್ನೋದೇ ಮರೆತುಹೋಗುತ್ತದೆ.

ದಿ ಎಕ್ಸ್‌ಪ್ಯಾನ್ಸ್ ಇನ್ನೂ ದೂರ ಹೋಗುತ್ತದೆ. ಅದರಲ್ಲಿ ಪ್ರೋಟೋಮಾಲಿಕ್ಯೂಲ್ ಎಂಬ ನಿಗೂಢ ವಸ್ತುವನ್ನು ಮಾಡಿದ ಏಲಿಯನ್‌ಗಳು ಎದುರಿಗೆ ಬರುವುದೇ ಇಲ್ಲ. ಹೆದರಿಕೆ ಜಾಸ್ತಿ, ಆದರೆ ಯಾವ ಏಲಿಯನ್ನನ್ನೂ ಹಚ್ಚಿಕೊಳ್ಳುವ ಅವಕಾಶವಿಲ್ಲ.

ಒಂದೇ ನೋಡುವಷ್ಟು ಸಮಯವಿದ್ದರೆ ನನ್ನ ಓಟು ಫಾರ್‌ಸ್ಕೇಪ್‌ಗೆ. ಅಲ್ಲಿ ಎರಡೂ ಸಿಗುತ್ತದೆ.